ಐವತ್ತೆಂಟು ಎಂದ ಚಿಪ್

"ಕೈ ತೆಗಿ ಲ್ಯುಬೆನ್. ಪರೀಕ್ಷೆಯಲ್ಲೂ ನಿನ್ನ ಕೈ ಹೀಗೇ ಪಕ್ಕದವನ ಹಾಳೆ ಕಡೆಗೆ ಹೋಗ್ತಿತ್ತು."

ಲ್ಯುಬೆನ್ ಶಿಶ್ಕೋವ್ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಅವನಿಗೆ ನಲವತ್ತೊಂದು ವರ್ಷ. ಸ್ತಾರಾ ಝಾಗೋರಾ ನಗರದಲ್ಲಿ ಸ್ವಂತ ಕಚೇರಿಯಿತ್ತು, ಬಾಗಿಲ ಮೇಲೆ ಹಿತ್ತಾಳೆಯ ಫಲಕವಿತ್ತು. ಆದರೂ ದೋನ್ಕಾ ಮಿಂಚೆವಾ ಹೀಗೆಂದಾಗ ಅವನ ಕಿವಿ ಶಾಲಾ ಹುಡುಗನ ಕಿವಿಯ ಹಾಗೆ ಕೆಂಪಾಯಿತು. ತಾಂತ್ರಿಕ ಶಾಲೆಯಲ್ಲಿ ಆಕೆ ಅವನನ್ನು ಎರಡು ಸಲ ಫೇಲು ಮಾಡಿದ್ದಳು.

ಇನ್‌ಸ್ಪೆಕ್ಟರ್ ಯಾವೋರ್ ಗೆಂಚೆವ್ ಯಂತ್ರದ ಕಾಫಿ ಹೀರುತ್ತ ನಗು ನುಂಗಿಕೊಂಡ.

ಅದೇ ನಗರದ ಲಿಪಾ ಕಲಾ ಗ್ಯಾಲರಿಯ ಉಪಕರಣದ ಕೋಣೆ ಅದು. ಕಿಟಕಿಯಾಚೆ ಲಿಂಡನ್ ಮರಗಳು ಹೂಬಿಟ್ಟಿದ್ದವು. ಮೇಜಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದು ಮುಚ್ಚಳ ತೆರೆದುಕೊಂಡು ಕೂತಿತ್ತು. ಕಳೆದ ಸೋಮವಾರ ಗೋರ್ನಿ ಬ್ರ್ಯಾಸ್ತ್ ಹಳ್ಳಿಯ ಚರ್ಚಿನಿಂದ ಸಂತ ಮರೀನಾಳ ಮುನ್ನೂರು ವರ್ಷದ ಚಿತ್ರಫಲಕ ಪ್ರದರ್ಶನಕ್ಕೆಂದು ಲಾರಿಯಲ್ಲಿ ಬಂದಾಗ, ದಾರಿಯ ತಾಪ, ತೇವ ದಾಖಲಿಸಲು ಮರದ ಪೆಟ್ಟಿಗೆಯೊಳಗೆ ಜೊತೆಯಲ್ಲಿಟ್ಟಿದ್ದ ಡಬ್ಬಿ ಇದೇ; ಮಾಡಿಕೊಟ್ಟವನು ಲ್ಯುಬೆನ್. ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು ನಕಲು. ಆ ನಕಲಿಗಾಗಿ ಹಳ್ಳಿಯ ಪಾದ್ರಿ ಫಾದರ್ ನಾವುಮ್ ಆರು ದಿನದಿಂದ ಪೊಲೀಸರ ವಶದಲ್ಲಿದ್ದರು.

ಅವರೂ ಕೋಣೆಯಲ್ಲೇ ಇದ್ದರು. ಮೂಲೆಯ ಕುರ್ಚಿಯಲ್ಲಿ, ಕಪ್ಪು ನಿಲುವಂಗಿಯ ಮೇಲೆ ಎರಡೂ ಕೈ ಜೋಡಿಸಿಟ್ಟುಕೊಂಡು ಕೂತಿದ್ದರು. ಆ ಕೈಗಳನ್ನು ದೋನ್ಕಾ ಚೆನ್ನಾಗಿ ಬಲ್ಲಳು. ಕಂಪ್ಯೂಟರ್ ಡಿಸ್ಕ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಕೂತು ಬೆಸುಗೆ ಹಾಕಿದವರು ಅವರಿಬ್ಬರು. ಕಾರ್ಖಾನೆ ಮುಚ್ಚಿದ ಮೇಲೆ ಆಕೆ ಮೇಷ್ಟ್ರಾದಳು, ಅವನು ಪಾದ್ರಿಯಾದ.

"ಆರು ದಿನದಿಂದ ನೀನು ಗಡ್ಡ ಬಾಚಿಲ್ಲ," ಎಂದಳು.

"ಅಲ್ಲಿ ಕನ್ನಡಿ ಕೊಡಲ್ಲ ದೋನ್ಕಾ," ಎಂದರು ಫಾದರ್.

ಯಾವೋರ್ ಕಾಗದವೊಂದನ್ನು ಮೇಜಿನ ಮೇಲೆ ಹರಡಿದ. "ಇಂಜಿನಿಯರ್ ಮೇಡಂ, ಪ್ರಾಸಿಕ್ಯೂಟರ್ ನಂಬಿಕೊಂಡಿರೋದು ಇದೊಂದನ್ನೇ. ಬೆಳಗ್ಗೆ ಎಂಟಕ್ಕೆ ಚರ್ಚಿನಲ್ಲಿ ಪೆಟ್ಟಿಗೆಗೆ ಮುಚ್ಚಳ ಹಾಕಿದರು, ಡಬ್ಬಿ ಚಾಲೂ ಮಾಡಿದರು. ಸಂಜೆ ಐದಕ್ಕೆ ಇಲ್ಲಿ ಬಿಚ್ಚಿದರು. ನಡುವೆ ಐದೈದು ನಿಮಿಷಕ್ಕೊಂದು ದಾಖಲೆ. ಗಾಳಿಯ ತೇವ ನೋಡಿ. ಐವತ್ತೆರಡು, ಐವತ್ತೆರಡು, ಐವತ್ತೆರಡು ಚಿಲ್ಲರೆ. ಕೂದಲೆಳೆಯಷ್ಟೂ ಏರುಪೇರಿಲ್ಲ."

"ಮುಚ್ಚಳ ಎತ್ತಿದ್ರೆ ತೇವ ಜಿಗಿಯುತ್ತೆ ಸಾರ್," ಎಂದ ಲ್ಯುಬೆನ್. "ಜಿಗಿದಿಲ್ಲ. ಅಂದ್ರೆ ದಾರಿಯಲ್ಲಿ ಯಾರೂ ಎತ್ತಿಲ್ಲ. ಅಂದ್ರೆ ಚರ್ಚಿನಲ್ಲೇ ನಕಲು ಇಟ್ಟು ಮುಚ್ಚಿದ್ದಾರೆ. ನನಗೂ ಫಾದರ್ ಮೇಲೆ ಗೌರವ ಇದೆ. ಆದ್ರೆ ಅಂಕಿ ಅಂಕಿನೇ."

"ಈ ಅಂಕಿ ಹೇಗೆ ತೆಗೆದೆ?"

"ಎಲ್ಲರೂ ತೆಗೆಯೋ ಹಾಗೆ. ಸೆನ್ಸರ್ ಓದೋಕೆ ಲೈಬ್ರರಿ ಇದೆ, ಯಾರೋ ಪುಣ್ಯಾತ್ಮ ಬರೆದಿಟ್ಟಿರೋ ಸಿದ್ಧ ಪ್ರೋಗ್ರಾಂ. ಹಾಕಿದೆ, ಓದಿತು. ಮೇಡಂ, ಈಗಿನ ಕಾಲದಲ್ಲಿ ಯಾರೂ ಒಂದೊಂದು ಬಿಟ್ ಎಣಿಸಿಕೊಂಡು ಕೂರಲ್ಲ. ಬಾವಿ ತೋಡಿ ನೀರು ಕುಡಿಯೋ ಕಾಲ ಹೋಯ್ತು, ನಲ್ಲಿ ತಿರುಗಿಸಿದರೆ ಸಾಕು."

"ನಲ್ಲಿಯಲ್ಲಿ ಬಂದದ್ದು ನೀರೇ ಅಂತ ಹೇಗೆ ಗೊತ್ತು?" ಎಂದಳು ದೋನ್ಕಾ.

ಚೀಲದಿಂದ ತನ್ನ ಪುಟ್ಟ ಬೋರ್ಡನ್ನು ಹೊರತೆಗೆದಳು. ಉಗುರಗಲದ ಮೈಕ್ರೋಕಂಟ್ರೋಲರ್ ಒಂದು, ನಾಲ್ಕು ತಂತಿ, ಅಷ್ಟೆ. ಜೊತೆಗೆ ಚಿಪ್ ತಯಾರಿಸಿದವರ ಐವತ್ತು ಚಿಲ್ಲರೆ ಪುಟದ ವಿವರಣಾಪತ್ರ. ಅದರ ಅಂಚುಗಳಲ್ಲೆಲ್ಲ ಪೆನ್ಸಿಲ್ ಗುರುತುಗಳು. ಭಾನುವಾರವಿಡೀ ಆಕೆ ಅದನ್ನೇ ಓದಿದ್ದಳು. ಓದಿ, ಸೆನ್ಸರಿನ ಜೊತೆ ನೇರವಾಗಿ ಮಾತಾಡಲು ಎಪ್ಪತ್ತು ಸಾಲಿನ ಪ್ರೋಗ್ರಾಂ ಬರೆದಿದ್ದಳು. ಒಂದು ಸಾಲೂ ಬೇರೆಯವರದಲ್ಲ.

"ನಮ್ಮ ಕಾರ್ಖಾನೆಯಲ್ಲಿ ಲೈಬ್ರರಿ ಇರಲಿಲ್ಲ," ಎಂದಳು ಯಾವೋರ್‌ಗೆ. "ತಲೆ ಇತ್ತು. ರಷ್ಯನ್ ಭಾಷೆಯಲ್ಲಿ ಮಸಿ ಹರಡಿದ ಒಂದು ನಕಲು ಪ್ರತಿ ಇರ್ತಿತ್ತು, ಇಪ್ಪತ್ತು ಜನಕ್ಕೆ ಅದೊಂದೇ. ಅಷ್ಟರಲ್ಲೇ ಅರ್ಧ ಯೂರೋಪಿಗೆ ಡಿಸ್ಕ್ ಮಾಡಿ ಕಳಿಸಿದ್ವಿ."

"ಮುಕ್ಕಾಲು," ಎಂದರು ಮೂಲೆಯಿಂದ ಫಾದರ್.

"ಮುಕ್ಕಾಲು," ಎಂದು ಆಕೆಯೂ ಒಪ್ಪಿದಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ತಂತಿಗಳನ್ನು ಕೂಡಿಸಿದಳು. ಒಂದು ವಿದ್ಯುತ್ತಿಗೆ, ಒಂದು ನೆಲಕ್ಕೆ, ಒಂದು ತಾಳಕ್ಕೆ, ಒಂದು ಮಾತಿಗೆ. ತಾಳದ ತಂತಿ ಮಿಡಿದಂತೆಲ್ಲ ಮಾತಿನ ತಂತಿಯಲ್ಲಿ ಒಂದೊಂದು ಬಿಟ್ ದಾಟುತ್ತದೆ.

"ಚಿಪ್‌ನ ಒಳಗೆ ಅಂಚೆ ಕಚೇರಿಯ ಹಾಗೆ ಸಾಲು ಖಾನೆಗಳಿವೆ," ಎಂದಳು. "ಒಂದೊಂದಕ್ಕೂ ಒಂದು ಸಂಖ್ಯೆ. ಒಂದು ಖಾನೆಯಲ್ಲಿ ಅದರ ಹೆಸರಿರುತ್ತೆ. ಯಾವುದೇ ಮನೆಗೆ ಹೋದರೂ ಮೊದಲು ಯಜಮಾನನ ಹೆಸರು ಕೇಳಬೇಕು ತಾನೆ? ತಾಪ, ತೇವ, ಒತ್ತಡ ಮೂರನ್ನೂ ಅಳೆಯೋ ಚಿಪ್ ಆದರೆ 'ಅರವತ್ತು' ಅನ್ನಬೇಕು. ತಯಾರಿಸಿದವರು ಕೆತ್ತಿಟ್ಟಿರೋ ಹೆಸರು ಅದು."

ಗುಂಡಿ ಒತ್ತಿದಳು.

ಪರದೆಯ ಮೇಲೆ ಒಂದೇ ಸಂಖ್ಯೆ ಮೂಡಿತು. ಐವತ್ತೆಂಟು.

ಯಾವೋರ್ ಬಗ್ಗಿ ನೋಡಿದ. "ಎರಡು ಕಮ್ಮಿ ಇದೆ. ಪರವಾಗಿಲ್ವಾ?"

ಇಂಥ ಪ್ರಶ್ನೆಗೆ ನಗಬೇಕಿದ್ದ ಲ್ಯುಬೆನ್ ನಗಲಿಲ್ಲ. ಅವನ ಕೈಯ ಪ್ಲಾಸ್ಟಿಕ್ ಲೋಟ ಮೆಲ್ಲಗೆ ಸೊಟ್ಟಗಾಗುತ್ತಿತ್ತು.

ದೋನ್ಕಾ ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಐವತ್ತೆಂಟು, ಐವತ್ತೆಂಟು.

"ಇನ್‌ಸ್ಪೆಕ್ಟರೇ, ಐವತ್ತೆಂಟು ಅಂದ್ರೆ ಇದು ಅರವತ್ತರ ತಮ್ಮ. ನೋಡೋಕೆ ಹಾಗೇ ಇರ್ತಾನೆ, ಅಗ್ಗ. ತಾಪ ಅಳೀತಾನೆ, ಗಾಳಿಯ ಒತ್ತಡ ಅಳೀತಾನೆ. ತೇವ ಅಳೆಯೋ ಅಂಗವೇ ಇವನಿಗಿಲ್ಲ."

ಯಾವೋರ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ.

"ಅಂಗವೇ ಇಲ್ಲ," ಎಂದ ಯಾವೋರ್ ನಿಧಾನವಾಗಿ. "ಹಾಗಾದ್ರೆ ಈ ಐವತ್ತೆರಡು?"

"ಅದನ್ನ ನನ್ನನ್ನ ಕೇಳಬೇಡಿ. ಹುಟ್ಟುಕುರುಡ ಬಣ್ಣ ಹೇಳಿದ್ದಾನೆ ಅಂತ ಸಹಿ ಹಾಕಿದವರನ್ನ ಕೇಳಿ."

ಲ್ಯುಬೆನ್ ಎದ್ದು ನಿಂತ. "ಅಂಗಡಿಯವನು ಮೋಸ ಮಾಡಿದ್ದಾನೆ! ಅರವತ್ತು ಅಂತಲೇ ಮಾರಿದ್ದು. ಎಲ್ಲ ಕಡೆ ನಡೀತಿರೋ ಮೋಸ ಇದು, ನಾನೊಬ್ಬನೇ ಅಲ್ಲ..."

"ಅಂಗಡಿಯವನ ಮೋಸ ಚಿಪ್‌ನದು. ಅಂಕಿ ಯಾರದು?" ಡಬ್ಬಿಯ ನೆನಪಿನ ಚಿಪ್‌ಗೆ ಆಕೆ ತಂತಿ ಬದಲಿಸಿದಳು. ಅಂದು ದಾಖಲಾದ ಅಂಕಿಗಳೆಲ್ಲ ಅದರಲ್ಲಿ ಹಸಿಹಸಿಯಾಗೇ ಇದ್ದವು. ಪರದೆಯ ಮೇಲೆ ಸಾಲುಗಳು ಇಳಿದವು. "ನೋಡು. ತೇವದ ಜಾಗದಲ್ಲಿ ಎಂಟು ಗಂಟೆಯಿಂದ ಐದು ಗಂಟೆವರೆಗೂ ಒಂದೇ ಸಂಖ್ಯೆ. 'ಇಲ್ಲಿ ಏನೂ ಇಲ್ಲ' ಅನ್ನೋ ಸಂಖ್ಯೆ ಅದು. ಇದರಿಂದ ಐವತ್ತೆರಡು ಚಿಲ್ಲರೆ ಹುಟ್ಟಲ್ಲ ಲ್ಯುಬೆನ್. ಕೈಯಾರೆ ಹುಟ್ಟಿಸಬೇಕು."

ಅವನು ಕೂತ.

"ಗ್ಯಾಲರಿಗೆ ಮೂವತ್ತು ಡಬ್ಬಿ ಕೊಟ್ಟಿದ್ದೇನೆ ಮೇಡಂ. ಮೂವತ್ತರಲ್ಲೂ ಇದೇ ಚಿಪ್ ಇದೆಯೇನೋ ಗೊತ್ತಿಲ್ಲ. ಆ ದಿನ ಪೆಟ್ಟಿಗೆ ಬಿಚ್ಚಿದಾಗ ನಕಲು ನಕಲು ಅಂತ ಗಲಾಟೆ, ಎಲ್ಲರೂ ವರದಿ ಕೊಡು ವರದಿ ಕೊಡು ಅಂತ ನಿಂತ್ಕೊಂಡಿದ್ರು. ತೇವದ ಕಡೆ ಬರೀ ಸೊನ್ನೆ ಬಂತು. ಹೆದರಿಕೆ ಆಯ್ತು. ಹಿಂದಿನ ತಿಂಗಳ ಇನ್ನೊಂದು ಪೆಟ್ಟಿಗೆಯ ಅಂಕಿ ತಂದು ಅಂಟಿಸಿದೆ."

"ಆ ಅಂಟಿಸಿದ್ದರಿಂದ ಒಬ್ಬ ಮನುಷ್ಯ ಆರು ದಿನ ಜೈಲಲ್ಲಿ ಕೂತ."

"ಅದು ಪಾದ್ರಿಯ ತಲೆ ಮೇಲೆ ಬರುತ್ತೆ ಅಂತ ಅನ್ನಿಸಲಿಲ್ಲ ಮೇಡಂ. ಅಮ್ಮನಾಣೆಗೂ."

ದೋನ್ಕಾ ಅವನ ಕಣ್ಣು ನೋಡಿದಳು. ಕಳ್ಳನ ಕಣ್ಣಲ್ಲ ಅವು. ಓದದೆ ಬಂದು ಪರೀಕ್ಷೆಗೆ ಕೂತವನ ಕಣ್ಣು.

ಯಾವೋರ್ ಆಗಲೇ ಫೋನ್ ಎತ್ತಿಕೊಂಡಿದ್ದ. "ವರದಿಯೇ ಸುಳ್ಳು ಅಂದ್ರೆ ಫಾದರ್ ಮೇಲೆ ಏನೂ ಉಳಿಯಲ್ಲ. ಪ್ರಾಸಿಕ್ಯೂಟರ್‌ಗೆ ಹೇಳ್ತೀನಿ. ಇಂಜಿನಿಯರ್ ಮೇಡಂ, ನಮ್ಮ ಪ್ರಯೋಗಾಲಯದವರು ಆರು ದಿನದಲ್ಲಿ ಮಾಡದ್ದನ್ನ ನೀವು ಒಂದು ಕಾಫಿ ಆರೋದರೊಳಗೆ ಮಾಡಿದಿರಿ."

ಆಕೆಯ ಎದೆಯೊಳಗೆ ಏನೋ ಉಬ್ಬಿತು. ಅರವತ್ತೆಂಟನೆಯ ವಯಸ್ಸಿನಲ್ಲಿ, ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡಿಸಲು ಮಾತ್ರ ಜನ ಕರೆಯುವ ಈ ಕಾಲದಲ್ಲಿ, ಇಂಥ ಮಾತು ಕೇಳಿ ವರ್ಷಗಳಾಗಿದ್ದವು. ನಾವುಮ್ ಕಡೆ ತಿರುಗಿದಳು. ಅವನು ಕುಣಿಯಬೇಕಿತ್ತು, ಇಲ್ಲವೇ ಶಿಲುಬೆ ಗುರುತು ಮಾಡಿಕೊಳ್ಳಬೇಕಿತ್ತು. ಎರಡೂ ಮಾಡಲಿಲ್ಲ. ಪರದೆಯನ್ನೇ ನೋಡುತ್ತಿದ್ದ.

"ಇನ್ನೊಂದು ಉಳಿದಿದೆ," ಎಂದಳು. "ಫೋನ್ ಇಡಿ ಇನ್‌ಸ್ಪೆಕ್ಟರೇ. ಅರ್ಧ ಓದಿ ಪುಸ್ತಕ ಮುಚ್ಚೋ ಅಭ್ಯಾಸ ನನಗಿಲ್ಲ. ಒತ್ತಡ ಓದಬೇಕು."

"ಒತ್ತಡ ಯಾಕೆ? ಅದನ್ನ ಯಾರೂ ಕೇಳಿಲ್ಲ."

"ಅದಕ್ಕೇ ಅದನ್ನ ಯಾರೂ ತಿದ್ದಿಲ್ಲ."

ಇದು ಸುಲಭದ ಕೆಲಸವಲ್ಲ. ಚಿಪ್ ಕೊಡುವ ಸಂಖ್ಯೆ ಹಸಿ ಸಂಖ್ಯೆ. ಅದನ್ನು ಬೇಯಿಸಲು ಆ ಚಿಪ್‌ನದೇ ತಿದ್ದುಪಡಿ ಅಂಕಿಗಳು ಬೇಕು. ಒಂದು ಚಿಪ್‌ನಂತೆ ಇನ್ನೊಂದು ಹುಟ್ಟುವುದಿಲ್ಲವಾದ್ದರಿಂದ ಪ್ರತಿಯೊಂದರ ಹೊಟ್ಟೆಯಲ್ಲೂ ಅದರದೇ ಹನ್ನೆರಡು ಅಂಕಿಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ದೋನ್ಕಾ ಅವನ್ನು ಒಂದೊಂದಾಗಿ ಹೊರತೆಗೆದಳು. ಪ್ರತಿ ಅಂಕಿಯೂ ಎರಡು ತುಂಡು; ಚಿಕ್ಕ ತುಂಡು ಮೊದಲು, ದೊಡ್ಡದು ಆಮೇಲೆ. ಜೋಡಿಸಿದಳು, ಸೂತ್ರಕ್ಕೆ ಹಾಕಿದಳು.

ಉತ್ತರ ಬಂತು. ಆ ಉತ್ತರದ ಪ್ರಕಾರ ಪೆಟ್ಟಿಗೆ ಸಮುದ್ರದ ತಳಕ್ಕಿಂತ ಕೆಳಗಿತ್ತು.

ಲ್ಯುಬೆನ್‌ನ ಮುಖದಲ್ಲಿ ಮೊದಲ ಸಲ ನಗು ಸುಳಿಯಿತು. "ಸಂತ ಮರೀನಾ ಈಜಲು ಹೋಗಿದ್ದಳೇನೋ ಮೇಡಂ. ಲೈಬ್ರರಿಯಲ್ಲಿ ಈ ತಾಪತ್ರಯ ಇರಲ್ಲ."

ದೋನ್ಕಾ ಕನ್ನಡಕವನ್ನು ಹಣೆಗೇರಿಸಿ ಕಾಗದದ ಮೇಲೆ ಹನ್ನೆರಡು ಅಂಕಿಗಳನ್ನೂ ಬರೆದಳು. ಪೆನ್ಸಿಲಿನ ತುದಿ ಒಂದೊಂದರ ಮೇಲೂ ನಿಂತು ಮುಂದಕ್ಕೆ ಹೋಯಿತು. ಎಲ್ಲರೂ ನೋಡುತ್ತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಒತ್ತಡದ ಎರಡನೆಯ ಅಂಕಿಯ ಹತ್ತಿರ ಪೆನ್ಸಿಲ್ ನಿಂತಿತು. ಐವತ್ತೈದು ಸಾವಿರ ಎಂಬಷ್ಟು ದೊಡ್ಡ ಸಂಖ್ಯೆ. ವಿವರಣಾಪತ್ರ ತಿರುವಿದಳು. ಆ ಅಂಕಿ ಸೊನ್ನೆಗಿಂತ ಕೆಳಗೂ ಇರಬಹುದು ಎಂದು ಅಲ್ಲಿ ಸಣ್ಣಕ್ಷರದಲ್ಲಿತ್ತು. ತಾನು ಅದನ್ನು ಧನವೆಂದು ಓದಿದ್ದಳು, ಅದು ಋಣ.

"ತಪ್ಪು ನನ್ನದು," ಎಂದಳು ಗಟ್ಟಿಯಾಗಿ. "ನನ್ನ ಸಾಲು, ನನ್ನ ತಪ್ಪು, ನಾನೇ ಹುಡುಕಿದೆ. ನಿನ್ನ ಲೈಬ್ರರಿಯಲ್ಲಿ ತಪ್ಪಿದ್ದರೆ ಯಾರ ಮನೆ ಬಾಗಿಲು ತಟ್ತಿದ್ದೆ ಲ್ಯುಬೆನ್?"

ಒಂದು ಪದ ತಿದ್ದಿ ಮತ್ತೆ ಗುಂಡಿ ಒತ್ತಿದಳು. ಎಂಟು ಗಂಟೆಯ ದಾಖಲೆ: ಒಂಬೈನೂರ ಐವತ್ತೆರಡು. ಗೋರ್ನಿ ಬ್ರ್ಯಾಸ್ತ್ ಇರುವ ಎತ್ತರಕ್ಕೆ ಅಚ್ಚುಕಟ್ಟಾಗಿ ಕೂರುವ ಅಂಕಿ.

"ಮೇಲಕ್ಕೆ ಹೋದಷ್ಟೂ ಗಾಳಿ ತೆಳು, ಒತ್ತಡ ಕಮ್ಮಿ," ಎಂದು ಯಾವೋರ್‌ಗೆ ವಿವರಿಸಿದಳು. "ನಮ್ಮ ಈ ಬೆಟ್ಟಗಳಲ್ಲಿ ಒಂದು ಅಂಕಿ ಇಳಿದರೆ ಒಂಬತ್ತು ಮೀಟರ್ ಹತ್ತಿದ ಹಾಗೆ. ಪೆಟ್ಟಿಗೆ ಯಾವ ದಾರಿಯಲ್ಲಿ ಬಂತು ಅನ್ನೋದನ್ನ ಇದು..."

ಅವಳು ಪರದೆಯ ಕಡೆಗೆ ಬಗ್ಗಿದಳು.

ಪರದೆಯ ಮೇಲೆ ಅಂಕಿ ಇಳಿಯುತ್ತಿತ್ತು. ಒಂಬೈನೂರ ನಲವತ್ತು. ಇಪ್ಪತ್ತೆರಡು. ಒಂಬೈನೂರ ಎರಡು. ಎಂಟುನೂರ ತೊಂಬತ್ತು. ಅಲ್ಲಿ ನಿಂತಿತು.

"ಅರವತ್ತೆರಡು ಇಳಿದಿದೆ," ಯಾವೋರ್ ಬೆರಳು ಮಡಚಿ ಎಣಿಸಿದ. "ಐನೂರ ಅರವತ್ತು ಮೀಟರ್ ಹತ್ತುವಿಕೆ. ಆ ಹಳ್ಳಿಯಿಂದ ಮೇಲಕ್ಕೆ ಹೋಗೋದು ಒಂದೇ ದಾರಿ. ಕುರಿಗಾಹಿಗಳ ಹಳೆಯ ಹಾಲಿನ ಡೈರಿಯ ಹತ್ತಿರ ಮುಗಿದುಹೋಗುತ್ತೆ. ಲಾರಿಯವನು ಅಲ್ಲಿಗೆ ಯಾಕೆ ಹೋದ? ಸಿಕ್ಕಿಬಿದ್ದ! ಎಷ್ಟು ಗಂಟೆಗೆ?"

ದೋನ್ಕಾ ಸಾಲುಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು.

"ಮೇಡಂ, ಎಷ್ಟು ಗಂಟೆಗೆ?"

ಹೇಳದೆ ಇರಬಹುದಿತ್ತು. ಈ ಕೋಣೆಯಲ್ಲಿ ಆ ಸಾಲುಗಳ ಗಂಟೆ ಹೇಳಬಲ್ಲವರು ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬ ಮೂಲೆಯಲ್ಲಿ ಕೂತಿದ್ದ. ಒಂದು ಗುಂಡಿ ಒತ್ತಿದರೆ ಪರದೆ ಖಾಲಿ. ಆದರೆ ಇಷ್ಟು ಹೊತ್ತು ತಾನು ಲ್ಯುಬೆನ್‌ನನ್ನು ಬೈದದ್ದು ಯಾತಕ್ಕೆ? ಬಂದದ್ದನ್ನು ಬಂದಹಾಗೆ ಹೇಳಲಿಲ್ಲವೆಂದಲ್ಲವೇ?

"ಎಂಟು ನಲವತ್ತಕ್ಕೆ ಹೊರಟಿದೆ," ಎಂದಳು. "ಒಂಬತ್ತೂ ಕಾಲಿಗೆ ಮೇಲೆ ಮುಟ್ಟಿದೆ."

ಯಾವೋರ್‌ನ ಮುಖ ಬದಲಾಯಿತು. ಲಾರಿ ಹಳ್ಳಿಗೆ ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿಯವರೆಗೂ ಪೆಟ್ಟಿಗೆ ಇದ್ದದ್ದು ಬೀಗ ಹಾಕಿದ ಚರ್ಚಿನೊಳಗೆ, ಫಾದರ್ ನಾವುಮ್ ಒಬ್ಬರ ಕಾವಲಿನಲ್ಲಿ.

"ಫಾದರ್," ಎಂದ ಅವನು. ಮೊದಲಿನ ಮೃದುತ್ವ ಇರಲಿಲ್ಲ. "ಇದಕ್ಕೇನಂತೀರಿ?"

"ಏನೂ ಅನ್ನಲ್ಲ ಮಗನೇ."

"ನಾವುಮ್!" ದೋನ್ಕಾ ಎದ್ದು ಅವರ ಎದುರು ನಿಂತಳು. "ನಾನು ನಿನ್ನ ಬಿಡಿಸೋಕೆ ಬಂದೆ. ನನ್ನ ಕೈಯಿಂದಲೇ ನಿನ್ನ ಕುತ್ತಿಗೆಗೆ ಹಗ್ಗ ಹಾಕಿಸ್ತೀಯಾ? ಬಾಯಿ ಬಿಡು!"

ಫಾದರ್ ತಲೆಯೆತ್ತಿದರು. ಅವರ ಕಣ್ಣಲ್ಲಿ ಭಯವಿರಲಿಲ್ಲ. ಅಂದು ಅದೇ ಬೆಂಚಿನಲ್ಲಿ ಕೂತು, ಅವಳು ಮೊದಲ ಸಲ ಡಿಸ್ಕ್ ಡ್ರೈವ್ ತಿರುಗಿಸಿದಾಗ ನೋಡಿದ ಹಾಗೆಯೇ ನೋಡುತ್ತಿದ್ದರು. ಹೆಮ್ಮೆಯಿಂದ.

"ನಿನ್ನ ಹೆಸರು ಇವರಿಗೆ ಕೊಟ್ಟದ್ದು ಯಾರು ಅಂದುಕೊಂಡೆ? ಕೆಲವು ಮಾತು ಪಾಪನಿವೇದನೆಯಲ್ಲಿ ಕಿವಿಗೆ ಬೀಳುತ್ತೆ ದೋನ್ಕಾ. ಅದನ್ನ ಪಾದ್ರಿ ಸತ್ತರೂ ಆಡುವಂತಿಲ್ಲ. ಆದ್ರೆ ಚಿಪ್‌ಗೆ ಅಂಥ ವ್ರತ ಇಲ್ಲ. ಓದಬಲ್ಲವರು ಬರಲಿ ಅಂತ ಆರು ದಿನ ಕಾದೆ. ನೀನಿನ್ನೂ ಪೂರ್ತಿ ಓದಿಲ್ಲ."

ಆಕೆ ಮೇಜಿಗೆ ಮರಳಿದಳು.

ಹತ್ತೂ ಇಪ್ಪತ್ತರವರೆಗೆ ಡಬ್ಬಿ ಬೆಟ್ಟದ ಮೇಲಿತ್ತು, ಅರವತ್ತೈದು ನಿಮಿಷ. ಆಮೇಲೆ ಇಳಿಯಿತು. ಒತ್ತಡ ಏರುತ್ತ ಹೋಗಿ ಹಳ್ಳಿಯ ಅಂಕಿ ಮುಟ್ಟಿತು, ನಿಲ್ಲದೆ ದಾಟಿತು. ಇನ್ನೂ ಕೆಳಗೆ, ಗುಲಾಬಿ ಕಣಿವೆಗೆ. ಅಲ್ಲೊಂದು ಸಣ್ಣ ಗೂನು, ಸ್ರೆದ್ನಾ ಗೋರಾ ಬೆಟ್ಟಸಾಲನ್ನು ದಾಟುವ ದಾರಿಯದು. ಮತ್ತೆ ಇಳಿತ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಒಂಬೈನೂರ ಎಂಬತ್ತೊಂಬತ್ತು. ಅಲ್ಲಿಂದ ಸಂಜೆ ಐದರವರೆಗೂ ಅಂಕಿ ಅಲುಗಾಡಿಲ್ಲ.

"ಐದು ಗಂಟೆಗೆ ಈ ಡಬ್ಬಿ ಎಲ್ಲಿತ್ತು?" ಎಂದು ಕೇಳಿದಳು.

"ಇಲ್ಲೇ," ಎಂದ ಯಾವೋರ್. "ಈ ಕಟ್ಟಡದಲ್ಲಿ. ಎಲ್ಲರೆದುರು ಪೆಟ್ಟಿಗೆ ಬಿಚ್ಚಿದರಲ್ಲ."

"ಹಾಗಾದ್ರೆ ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೂ ಇಲ್ಲೇ ಇತ್ತು. ಲಾರಿ ಅಲ್ಲಿ ಹಳ್ಳಿಗೆ ಇನ್ನೂ ಬಂದೇ ಇರದಿದ್ದಾಗ."

ಯಾವೋರ್ ಕುರ್ಚಿ ಎಳೆದುಕೊಂಡು ಕೂತ. "ಎರಡು ಪೆಟ್ಟಿಗೆ. ಲಾರಿಯಲ್ಲಿ ಬಂದದ್ದು ಬೇರೆ. ಅಸಲಿ ಪೆಟ್ಟಿಗೆ ಡಬ್ಬಿಯ ಸಮೇತ ಬೆಳಗ್ಗೆಯೇ ಹೊರಟಿದೆ. ಡಬ್ಬಿಯನ್ನ ಮಾತ್ರ ಯಾರೋ ಇಲ್ಲಿ ತಂದು ನಕಲಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ." ಲ್ಯುಬೆನ್ ಕಡೆಗೆ ತಿರುಗಿದ. "ಸೋಮವಾರ ಮಧ್ಯಾಹ್ನ ಈ ಕಟ್ಟಡದಲ್ಲಿ ಯಾರಿದ್ದರು?"

"ಸೋಮವಾರ ಗ್ಯಾಲರಿಗೆ ರಜೆ ಸಾರ್," ಎಂದ ಲ್ಯುಬೆನ್. "ನಾನು ಚರ್ಚಿನಲ್ಲಿ ಡಬ್ಬಿ ಚಾಲೂ ಮಾಡಿ ನೇರ ಅತ್ತೆ ಮನೆಗೆ ಹೋದೆ, ಇಲ್ಲಿಗೆ ಬಂದದ್ದು ಐದಕ್ಕೇ, ಬೇಕಿದ್ರೆ ಕೇಳಿ. ಬೀಗದ ಕೈ ಇನ್ನೊಬ್ಬರ ಹತ್ತಿರವೂ ಇದೆ. ಎವ್ದೋಕಿಯಾ ಸರಾಫೋವಾ ಮೇಡಂ. ಹಳೆಯ ಚಿತ್ರ ದುರಸ್ತಿ ಮಾಡೋರು. ಬೆಳಗ್ಗೆ ಪೆಟ್ಟಿಗೆಗೆ ಮೊಹರು ಹಾಕಿದ್ದೂ ಅವರೇ."

"ಆದ್ರೆ ಅವರೇ ಅಲ್ಲವೇ ನಕಲು ಅಂತ ಮೊದಲು ಕೂಗಿದ್ದು?" ಎಂದ ಯಾವೋರ್. "ದೂರು ಕೊಟ್ಟದ್ದೂ ಅವರೇ. ಕದ್ದವಳು ತಾನೇ ಯಾಕೆ ಕೂಗ್ತಾಳೆ?"

ಫಾದರ್ ಕಣ್ಣು ಮುಚ್ಚಿಕೊಂಡರು.

ದೋನ್ಕಾ ಹಾಳೆಯೊಂದನ್ನು ತೆಗೆದು ನಾಲ್ಕು ಸಮಯಗಳನ್ನೂ ನಾಲ್ಕು ಒತ್ತಡಗಳನ್ನೂ ಬರೆದಳು. ಕೆಳಗೆ 'ಓದಿದವರು' ಎಂದು ಬರೆದು ತನ್ನ ಪೂರ್ತಿ ಹೆಸರು ಹಾಕಿದಳು. ಅಕ್ಷರ ದಪ್ಪವಾಗಿ ಬಂತು. ಶಾಯಿ ಆರುವ ಮೊದಲೇ ಬಾಗಿಲು ತೆರೆಯಿತು.

ಬಣ್ಣದ ಕಲೆಗಳ ಬಿಳಿ ಮೇಲಂಗಿ, ಬೆಳ್ಳಿಗೂದಲು, ಐವತ್ತರ ಆಸುಪಾಸಿನ ಹೆಂಗಸು. ಎವ್ದೋಕಿಯಾ ಸರಾಫೋವಾ ಮೊದಲು ನೋಡಿದ್ದು ಇನ್‌ಸ್ಪೆಕ್ಟರನ್ನಲ್ಲ, ಮೇಜನ್ನು. ತೆರೆದ ಡಬ್ಬಿ, ನಾಲ್ಕು ತಂತಿ, ಪರದೆಯ ತುಂಬ ಅಂಕಿ. ಆಮೇಲೆ ಮೂಲೆಯಲ್ಲಿದ್ದ ಪಾದ್ರಿಯನ್ನು ನೋಡಿದಳು.

"ಫಾದರ್... ಹೇಳಿಬಿಟ್ಟಿರಾ?"

"ಅವನು ಬಾಯಿ ಬಿಟ್ಟಿಲ್ಲ," ಎಂದಳು ದೋನ್ಕಾ. "ಓದಿದ್ದು ನಾನು."

ಎವ್ದೋಕಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಓಡಲಿಲ್ಲ, ಅಳಲಿಲ್ಲ. ಮೇಜಿನ ಹತ್ತಿರ ಬಂದು ಆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದಳು. ಬೆಟ್ಟದ ಮೇಲಿನ ಅರವತ್ತೈದು ನಿಮಿಷದ ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಇಷ್ಟೆಲ್ಲ ಹೇಳಿದೆಯಲ್ಲ ನಿಮ್ಮ ಚಿಪ್," ಎಂದಳು ಮೆಲ್ಲಗೆ. "ನನ್ನ ಕೈಯಲ್ಲಿ ಇದನ್ನೆಲ್ಲ ಮಾಡಿಸೋಕೆ ಬೆಟ್ಟದ ಮೇಲಿನ ಆ ಹಾಲಿನ ಡೈರಿಯಲ್ಲಿ ಇವತ್ತಿಗೂ ಯಾರನ್ನ ಕೂಡಿಹಾಕಿದ್ದಾರೆ ಅನ್ನೋದನ್ನ ಹೇಳಲಿಲ್ಲವಾ?"